ಸುರುಳಿ ಬಾಲದವನು

ಪಠ್ಯಪುಸ್ತಕದಲ್ಲಿ ನಮ್ಮೂರಿಗೆ ಸಿಕ್ಕಿದ್ದು ಒಂದೂವರೆ ಸಾಲು:
"ತಾಮ್ರದ ಕಂಪನಿಯು ಗಣಿ ಕೆಲಸಗಾರರಿಗೆ
ಮನೆಗಳನ್ನು ಒದಗಿಸಿತು."
ಮಕ್ಕಳು ಅಡಿಗೆರೆ ಎಳೆದರು, ಪರೀಕ್ಷೆಗೆ ಬರುತ್ತದೆಂದು.

ಆ ವಾರ ಪುಸ್ತಕ ಮುಚ್ಚಿಸಿದೆ.
ಸುಪೀರಿಯರ್ ಸರೋವರದ ಕಡೆಯಿಂದ ಬಂದ ಹಿಮ
ಕಿಟಕಿಯ ಅರ್ಧದವರೆಗೆ ಏರಿ ಕೂತಿತ್ತು.
ಕಂಪನಿಯ ಬಾಡಿಗೆ ಲೆಕ್ಕದಿಂದ ನಕಲು ತೆಗೆದ ನಲವತ್ತು ಪುಟ,
ಸಾವಿರದ ಒಂಬೈನೂರ ಹನ್ನೆರಡರ ಶಾಯಿ,
ಮೇಜಿಗಿಷ್ಟು ಅಂತ ಹಂಚಿದೆ.
ಉತ್ತರ ನಾನು ಹೇಳುವುದಿಲ್ಲ ಅಂದೆ.
ನನಗೂ ಗೊತ್ತಿಲ್ಲ ಅನ್ನುವುದನ್ನು ಆಗಲೇ ಹೇಳಲಿಲ್ಲ.

ಕೊರ್ಬಿನ್ ವುಕೆಲಿಚ್ ಲೆಕ್ಕದ ಹುಡುಗ, ಮೊದಲು ಕೈ ಎತ್ತಿದ:
"ಮನೆಗೆ ಐದು ಡಾಲರು, ಸೌದೆಗೆ ಎರಡು, ಡಾಕ್ಟರಿಗೆ ಒಂದು,
ಎಲ್ಲ ಸಂಬಳದಲ್ಲೇ ಮುರಿದುಕೊಂಡಿದ್ದಾರೆ.
ಒದಗಿಸಿತು ಅಂದರೆ ಬಾಡಿಗೆಗೆ ಕೊಟ್ಟಿತು ಅಂತ ತಾನೆ?"
ಒಂದು ಕ್ರಿಯಾಪದ ಬಿರುಕು ಬಿಟ್ಟ ಸದ್ದು
ಹಿಂದಿನ ಬೆಂಚಿಗೂ ಕೇಳಿಸಿತು.

ಟಿಲ್ಡಾ ಕೆಸ್ಕಿ ಇನ್ನೂ ಮೊದಲ ಪುಟದಲ್ಲೇ ಇದ್ದಳು.
ಹತ್ತು ತುಂಬಿದರೂ ಕೂಡಿಸಿ ಕೂಡಿಸಿ ಓದುವವಳು,
ಸಾಲು ಜಾರದಿರಲೆಂದು ಕೆಳಗೊಂದು ಅಡಿಪಟ್ಟಿ.
ಗುರುವಾರದ ಹೊತ್ತಿಗೆ ಉಳಿದವರೆಲ್ಲ ಮುಗಿಸಿ
ಪೋಸ್ಟರಿಗೆ ಬಣ್ಣ ಬಳಿಯುತ್ತಿದ್ದಾಗ
ನನ್ನ ತೋಳು ಜಗ್ಗಿದಳು:
"ಮಿಸ್, ಇಲ್ಲಿ ಜಿ ಅಕ್ಷರದ ಬಾಲ ಬೇರೆ.
ಇಲ್ಲಿವರೆಗೆ ಸುರುಳಿ ಸುತ್ತುತ್ತೆ.
ಏಪ್ರಿಲ್ ಒಂಬತ್ತರಿಂದ ನೆಟ್ಟಗೆ, ಮೊಳೆ ಹೊಡೆದ ಹಾಗೆ."

ಬಣ್ಣದ ಕೈಗಳೆಲ್ಲ ಬಂದು ಕವಿದವು.
ಸುರುಳಿ ಬಾಲದವನು ಹೆಸರು ಪೂರ್ತಿ ಬರೆಯುತ್ತಿದ್ದ,
ಫಿನ್ಲೆಂಡಿನವರ ಉದ್ದುದ್ದ ಹೆಸರುಗಳನ್ನೂ,
ಕಾಗುಣಿತ ತಪ್ಪಿದರೂ ಬಿಡದೆ.
ಅಂಚಿನಲ್ಲಿ ಸಣ್ಣಕ್ಕೆ: "ಮಗುವಿಗೆ ಜ್ವರ. ಮುಂದಿನ ತಿಂಗಳು."
ಮೂವತ್ತೇಳನೇ ಮನೆಗೆ: "ವಿಧವೆ. ಕಾಯಬಹುದು."

ನೆಟ್ಟ ಬಾಲದವನಿಗೆ ಅಂಚು ಬೇಕಿರಲಿಲ್ಲ.
ಬರೀ ನಂಬರು.
ಮೂವತ್ತೇಳು: ಖಾಲಿ. ಸುಣ್ಣ ಹೊಡೆಸಬೇಕು.

"ಮೊದಲಿನವನನ್ನು ಕೆಲಸದಿಂದ ತೆಗೆದರು!" ಅಂದೆ,
ನಾನೇ, ತಡೆಯಲಾರದೆ.
"ಏನಾಧಾರ?" ಇಪ್ಪತ್ತೊಂದು ಬಾಯಿ ಒಟ್ಟಿಗೆ.
ನಾನು ಕಲಿಸಿದ ಪ್ರಶ್ನೆ ನನ್ನ ಮೂಗಿಗೇ ಬಂದು ಬಡಿಯಿತು.
ಸತ್ತಿರಬಹುದು. ಬಡ್ತಿ ಸಿಕ್ಕಿರಬಹುದು.
ಬರೆದು ಬರೆದು ಕೈ ಸೋತಿರಬಹುದು.
ಜೋರಿ ಟ್ರೆಗಿಯರ್ ಒಬ್ಬ ಸುಮ್ಮನಿದ್ದ.
ಅವನ ಮುತ್ತಜ್ಜನ ಅಪ್ಪ ಕಂಪನಿಯಲ್ಲಿ ಗುಮಾಸ್ತನಂತೆ.
"ಯಾವ ಬಾಲದವನೋ, ನಮ್ಮನೇಲಿ ಯಾರೂ ಹೇಳಿಲ್ಲ."

ಶುಕ್ರವಾರ ಮೇಲ್ವಿಚಾರಕಿ ಬಂದು ಕೂತು, ನೋಡಿ,
ಬರೆದುಕೊಂಡು ಹೋದರು:
"ಮಕ್ಕಳು ಚುರುಕು. ಪಾಠ ಮುಕ್ತಾಯ ಮುಟ್ಟಲಿಲ್ಲ."
ನಿಜ. ಸಹಿ ಹಾಕಿದೆ.

ಸೋಮವಾರ ಬಿಸ್ಕತ್ತಿನ ಡಬ್ಬಿಯೊಂದು ಬಂತು,
ಜೋರಿಯ ಕೋಟಿನೊಳಗೆ, ಹಿಮ ತಾಗದ ಹಾಗೆ.
ಒಳಗೆ ಒಂದು ಕಾಗದ, ನಾಲ್ಕು ಮಡಿಕೆ.
ಅದನ್ನು ನನಗೆ ಕೊಡಲಿಲ್ಲ ಅವನು.
ನೇರ ನಡೆದು ಟಿಲ್ಡಾಳ ಮುಂದೆ ಇಟ್ಟ.

ಅವಳು ಕೈ ಒರೆಸಿಕೊಂಡಳು.
ಮೊದಲ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟಳು.
ನಾವೆಲ್ಲ ಸುತ್ತ ನಿಂತೆವು, ಉಸಿರು ಬಿಗಿಹಿಡಿದು.
ಬೇಗ ಓದು ಅಂತ ಯಾರೂ ಅನ್ನಲಿಲ್ಲ.