ಗೋಡೆಗಂಟಿದ ನೀರು

ನಾಲೆ ನಿಲ್ಲಿಸಿ ನಾಲ್ಕನೇ ದಿನ.
ಶಿವಳ್ಳಿ ದಾಟಿ ಎರಡನೇ ತೂಬಿನ ಹತ್ತಿರ
ಒಣಗುವ ಪಾಚಿಯ ನಾತದೊಳಕ್ಕೆ ಏಣಿ ಇಳಿದೆ,
ಕಂಕುಳಲ್ಲಿ ಇಲಾಖೆಯ ನಮೂನೆ.
ಒರಟುತನದ ಗುಣಾಂಕ: ಖಾಲಿ ಚೌಕ.

ಸೌಡಿ ಮರಂಕಯ್ಯ ಆಗಲೇ ಗೋಡೆ ಸವರುತ್ತಿದ್ದ
ಗಬ್ಬದ ಎಮ್ಮೆಯ ಮೈದಡವುವ ಹಾಗೆ.
"ಈ ಕಡೆ ಕರಣೆ ಹಿಡ್ದೋನೇ ಬೇರೆ ಕನವ್ವ,
ಆ ಕಡೆಯೋನೇ ಬೇರೆ."
ಎಡಕ್ಕೆ ಕೈ ಜಾರುವ ನುಣುಪು.
ಬಲಕ್ಕೆ ಮರಳು ಮೊಳೆತಂತೆ ಗರಗರ.

ಓದಿದ್ದನ್ನು ಹೇಳಿದೆ, ತಡೆಯಲಾರದೆ:
ಗೋಡೆಗೆ ತಾಗಿದ ನೀರು ಹರಿಯುವುದೇ ಇಲ್ಲ.
ಅದರ ಪಕ್ಕದ್ದು ತುಸು ಜಾರುತ್ತದೆ,
ಅದರಾಚಿನದು ಇನ್ನಷ್ಟು.
ನಡುನಾಲೆಯ ಗದ್ದಲಕ್ಕೂ ಅಂಚಿನ ಗಾರೆಗೂ ನಡುವೆ
ಉಗುರಿಗಿಂತ ತೆಳ್ಳಗೆ ಒಂದು ಮೌನದ ಪದರ.
ನೀರು ನಿಧಾನವಿದ್ದರೆ ಅದು ದಪ್ಪ;
ಮರಳಕಾಳೆಲ್ಲ ಅದರಡಿ ಮುಸುಕೆಳೆದು ಮಲಗಿರುತ್ತವೆ,
ಒರಟೋ ನುಣುಪೋ, ಹೊಳೆಗೆ ಗೊತ್ತಾಗದು.
ರಭಸ ಏರಿತೋ,
ಮುಸುಕು ಸವೆದು ಒಂದೊಂದೇ ಕಾಳು ತಲೆಯೆತ್ತಿ
ಬೆನ್ನ ಹಿಂದೊಂದು ಪುಟ್ಟ ಸುಳಿ ನೂತು
ಹಾದುಹೋಗುವ ನೀರಿನ ಸೆರಗು ಜಗ್ಗುತ್ತದೆ.
ಯಾರೋ ಕೊಳವೆಯೊಳಗೆ ಮರಳು ಅಂಟಿಸಿ
ವರ್ಷಗಟ್ಟಲೆ ಇದನ್ನೇ ಅಳೆದರಂತೆ.

ಬೀಡಿ ಆರಿತ್ತು. ಮತ್ತೆ ಹಚ್ಚಿದ.
"ಅಂಗಾ? ಅದ್ಕೇಯ.
ಅರ್ಧ ನಾಲೆ ಬುಟ್ರೆ ಎರ್ಡು ಮಗ್ಗುಲೂ ಒಂದೇಯ.
ತುಂಬ ಬುಟ್ಟಾಗ್ಲೇ ಈ ಬಲಮಗ್ಗುಲು ಗೊಣಗೋದು.
ಏರಿ ಮ್ಯಾಲೆ ಮಲಗ್ದೋನ್ಗೆ ಗೊತ್ತಾಯ್ತದೆ."

ನೀರು ಬಂದ ಮೂರನೇ ದಿನ
ಬಾಳೆದಿಂಡಿನ ಮೂರು ತುಂಡು ತೇಲಿಬಿಟ್ಟೆವು,
ನೂರು ಮೀಟರಿಗೆ.
ನಡುವಿನದು ಎಂಬತ್ತೆರಡು ಸೆಕೆಂಡು.
ಎಡದ್ದು ತೊಂಬತ್ತೇಳು.
ಬಲದ್ದು ತಡವರಿಸಿ, ಒಮ್ಮೆ ತಿರುಗಿ ನಿಂತು
ಏನೋ ಮರೆತು ಬಂದವಳಂತೆ, ನೂರಾ ಇಪ್ಪತ್ತೊಂದು.

ಬಲಕ್ಕೂ ನುಣುಪು ಗಾರೆ ಬೇಕೆಂದು ಬರೆಯಬೇಕು.
ಕೊನೇಭಾಗದ ಭತ್ತದ ಮಡಿಗೆ
ಒಂದು ಹಗಲು ಮೊದಲೇ ನೀರು ಮುಟ್ಟುತ್ತದೆ.
ಸರಿಯೇ.
"ಬರ್ಕೊ," ಅಂದ ಮರಂಕಯ್ಯ,
"ಆದ್ರೆ ಹೋದ್ ಸಲ ಪುಟ್ಟಿಂಗಿಯ ಕರ ಬಿದ್ದಾಗ
ಕಾಲು ಊರಿದ್ದು ಇಲ್ಲೇಯ, ಈ ಬಲದಾಗೆ."
ಅದಕ್ಕೆ ನಮೂನೆಯಲ್ಲಿ ಚೌಕವಿಲ್ಲ.

ಸಂಜೆ ಉಪವಿಭಾಗದ ಕಚೇರಿಯ ಬಾಗಿಲಲ್ಲಿ
ಹಾಜರಿ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದ.
ಕೆಂಪು ದೀಪ.
ಅಂಗಿಗೆ ಒರೆಸಿ ಮತ್ತೆ ಒತ್ತಿದ. ಕೆಂಪು.
ಇಪ್ಪತ್ತೆಂಟು ವರ್ಷ ಗೋಡೆ, ಹಗ್ಗ, ತೂಬಿನ ಚಕ್ರ
ಸವರಿ ಸವರಿ
ಬೆರಳ ಸುಳಿಗಳೆಲ್ಲ ಸವೆದಿದ್ದವು.
ಯಂತ್ರ ಹಿಡಿದುಕೊಳ್ಳಲು ಅಲ್ಲಿ ಏನೂ ಉಳಿದಿರಲಿಲ್ಲ.

ಅವನ ಹೆಸರನ್ನು ಕೈಯಲ್ಲೇ ಬರೆದೆ.
ಪೆನ್ನು ಒರಟು ಕಾಗದಕ್ಕೆ
ಕರಕರ ಉಜ್ಜಿಕೊಂಡು,
ನಿಧಾನವಾಗಿ ಸಾಗಿತು.