ತಾರೀಕಿನ ಕಲಂ

ಮೀನು ಹರಾಜಿನ ಹಾಲ್ ಮೇಲೊಂದು ಕೋಣೆ.
ಕೆಳಗೆ ಐಸ್ ಯಂತ್ರ ಇಡೀ ದಿನ ಹಲ್ಲು ಕಡಿಯುತ್ತದೆ.
ಮಾಲ್ಪಿಕಾದ ಮೀನುಗಾರರ ಸಂಘ ನಮಗೆ ಕೊಟ್ಟದ್ದು
ಒಂದು ಮೇಜು, ಎರಡು ಕುರ್ಚಿ, ತಿಂಗಳಿಗೆ ಆರು ಯೂರೋ ಸರ್ವರ್,
ಮತ್ತೆ ಒಂದು ರಟ್ಟಿನ ಪೆಟ್ಟಿಗೆ:
ಕಡಲು ನುಂಗಿದವರು, ಇನ್ನೂರ ಹನ್ನೆರಡು ಹೆಸರು.
ಇವನ್ನೆಲ್ಲ ವೆಬ್‌ಸೈಟಿಗೆ ಹಾಕಿಕೊಡಿ, ಅಂದರು,
ಮೊಮ್ಮಕ್ಕಳು ಬ್ಯೂನಸ್ ಐರಿಸ್‌ನಿಂದ ಹುಡುಕುತ್ತಾರೆ.

ಎಲ್ಲಿ ಹಾಕುವುದು ಎಂಬುದೇ ಜಗಳ.

ಸಬೇಲಾ ಗರಿಯ ಕಡೆ.
ಎಸ್‌ಕ್ಯೂಲೈಟ್ ಅಂದರೆ ಒಂದೇ ಫೈಲು, ಜೇಬಲ್ಲಿ ಹಾಕಿಕೋ, ನಡಿ;
ಕಾವಲಿಲ್ಲ, ಕೂಲಿಯಿಲ್ಲ.
ಇನ್ನೂರ ಹನ್ನೆರಡು ಸಾಲಿಗೆ ಯಾರಾದರೂ ಆನೆ ಸಾಕುತ್ತಾರಾ, ಉಶಿಯೋ?

ನಾನು ಆನೆಯ ಕಡೆ. ಪೋಸ್ಟ್‌ಗ್ರೆಸ್.
ಹೌದು, ಮೇವು ಹಾಕಬೇಕು, ಮೈ ತೊಳೆಯಬೇಕು,
ಹೊಸ ಆವೃತ್ತಿಗೆ ದಾಟಿಸುವಾಗ
ಹೊಳೆಯ ನಡುವೆ ನಿಂತುಬಿಟ್ಟೀತೆಂಬ ಭಯ.
ಆನೆ ನಡೆದದ್ದೇ ದಾರಿ ಅನ್ನುವ ಮಾತಿದೆ;
ಈ ಆನೆ ಮಾತ್ರ ಹೆಜ್ಜೆಗೆ ಮೊದಲು
ಸೊಂಡಿಲಿಂದ ನೆಲ ಮುಟ್ಟಿ ನೋಡುತ್ತದೆ.

ಸಂಘದ ಕಾರ್ಯದರ್ಶಿ ಲಾಂಛನಗಳ ಚಿತ್ರ ನೋಡಿ
ಸೀಲ್ ಚೆನ್ನಾಗಿದೆ, ಅದನ್ನೇ ತಗೊಳ್ಳಿ, ಅಂದ.
ಮರಿಯಾಡಿಬಿಯ ಮಾತು ಅಲ್ಲಿಗೇ ಮುಗಿಯಿತು.

ಹಳೆಯ ಸೈಟಿನಲ್ಲಿ ಆಗಲೇ ಒಂದು ಡಾಲ್ಫಿನ್ ಇತ್ತು,
ಯಾವ ಕಾಲದ್ದೋ ಮೈಸೀಕ್ವೆಲ್, ಯಾರೋ ಬಿಟ್ಟು ಹೋದದ್ದು.
ತೆರೆದು ನೋಡಿದೆವು.
ಸತ್ತ ದಿನ ಗೊತ್ತಿಲ್ಲದವರಿಗೆಲ್ಲ ಅದು
ಕೇಳದೆ, ಗೊಣಗದೆ, ಒಂದೇ ತಾರೀಕು ಕೊಟ್ಟಿತ್ತು:
ಸೊನ್ನೆಯ ವರ್ಷ, ಸೊನ್ನೆಯ ತಿಂಗಳು, ಸೊನ್ನೆಯ ದಿನ.
ಅರವತ್ತೇಳು ಜನ
ಹುಟ್ಟದ ವರ್ಷದ ಬಾರದ ತಿಂಗಳಲ್ಲಿ
ಒಟ್ಟಿಗೇ ಮುಳುಗಿದ್ದರು.
ಒಬ್ಬನಿಗೆ ಫೆಬ್ರವರಿ ಮೂವತ್ತೊಂದು ಎಂದು ಬರೆದಿದ್ದರಂತೆ. ಅದೂ ಸೊನ್ನೆ.

(ಡಾಲ್ಫಿನ್ನಿನ ತಪ್ಪಲ್ಲ ಬಿಡು, ಎಂದಳು ಸಬೇಲಾ,
ಈಗ ಅದಕ್ಕೂ ಬುದ್ಧಿ ಕಲಿಸಿದ್ದಾರೆ.
ಬಲೆ ಸಡಿಲ ಬಿಟ್ಟದ್ದು ನಮ್ಮವರೇ.)

ಆ ಮಧ್ಯಾಹ್ನ ದೊಸಿಂಡಾ ಮೆಟ್ಟಿಲೇರಿ ಬಂದಳು,
ಬಲೆ ಹೊಲಿಯುವ ಸೂಜಿ ಏಪ್ರನ್ ಜೇಬಲ್ಲಿ, ಎಂಬತ್ತೆರಡರ ಏದುಸಿರು.
ತಮ್ಮ, ಅಮಾರೋ. ಹತ್ತೊಂಬತ್ತು ಅವನಿಗೆ.
ಯಾವತ್ತು?
ಹೋದದ್ದು ಗೊತ್ತು. ಸಂತ ಮಾರ್ತಿನರ ಹಬ್ಬಕ್ಕೆ ಹಂದಿ ಕೊಯ್ದ ಮಾರನೆಯ ದಿನ,
ಕೈಯಲ್ಲಿನ್ನೂ ಉಪ್ಪು, ಕೊಬ್ಬಿನ ವಾಸನೆ.
ಸತ್ತದ್ದು ಕಡಲನ್ನು ಕೇಳು.

ಸಬೇಲಾ ಗೆದ್ದವಳ ಹಾಗೆ ನೋಡಿದಳು:
ಗರಿಗೆ ಏನು ಬರೆದರೂ ಸರಿ. ತಾರೀಕಿನ ಜಾಗದಲ್ಲಿ
‘ಹಂದಿ ಕೊಯ್ದ ಮಾರನೆಯ ದಿನ’ ಅಂತಲೇ ಬರೆ, ಇಟ್ಟುಕೊಳ್ಳುತ್ತೆ.
ನಿಜ. ನನಗೂ ಆಸೆಯಾಯಿತು.
ಆದರೆ ನಾಳೆ ಯಾರೋ
ಆ ಚಳಿಗಾಲ ಹೋದವರನ್ನೆಲ್ಲ ತೋರಿಸು ಅಂದರೆ
ಆ ಹಂದಿ ಯಾವ ಸಾಲಲ್ಲಿ ನಿಲ್ಲುತ್ತದೆ?

ಆನೆಯ ಹತ್ತಿರ ಒಂದು ಬಗೆಯ ಕಲಂ ಇದೆ, ಎಂದೆ.
ದಿನವಲ್ಲ, ದಿನಗಳ ಹರವು. ಇಲ್ಲಿಂದ, ಇಲ್ಲಿಯ ತನಕ.
ತನಕ ಗೊತ್ತಿಲ್ಲವೆಂದರೆ ಖಾಲಿ ಬಿಡಬಹುದು.
ಟೈಪ್ ಮಾಡಿದೆ: ಅರವತ್ತನಾಲ್ಕು, ನವೆಂಬರ್ ಹನ್ನೆರಡು,
ಅಲ್ಪವಿರಾಮ,
ಆಮೇಲೆ ಏನೂ ಇಲ್ಲ, ಒಂದು ಕಂಸ.
ಆನೆ ಒಪ್ಪಿತು.

ದೊಸಿಂಡಾ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.
ಅಂದರೆ, ಇನ್ನೂ ಸಾಯುತ್ತಲೇ ಇದ್ದಾನಾ?

ಕೈಪಿಡಿಯಲ್ಲಿ ಇದಕ್ಕೆ ಉದಾಹರಣೆ ಇಲ್ಲ.

ಮುಚ್ಚು, ಎಂದಳು.
ಅಮ್ಮ ದಿನಾ ರಾತ್ರಿ ಅವನ ತಟ್ಟೆಯನ್ನೂ ಇಡುತ್ತಿದ್ದಳು,
ಯಾರೂ ಏನೂ ಅನ್ನುತ್ತಿರಲಿಲ್ಲ.
ಎಪ್ಪತ್ತರ ಮಾರ್ಚ್ ಮೂರು, ಮಂಗಳವಾರ,
ತೊಳೆದು ಒರೆಸಿ ಕಪಾಟಿನಲ್ಲಿಟ್ಟಳು.
ಅಲ್ಲಿಯ ತನಕ ಬರೆ.

ಬರೆದೆ.
ಒಂದು ಸಾಲು ಬದಲಾಯಿತು, ಎಂದಿತು ಆನೆ.
ಅಷ್ಟೇ ಅದರ ಮಾತು.

ಸಬೇಲಾಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ.
ನಾವಿಬ್ಬರೂ ಇಲ್ಲದಾಗ ಇದಕ್ಕೆ ಮೇವು ಹಾಕುವವರು ಯಾರು?
ಅದಕ್ಕೇ ಪ್ರತಿ ಭಾನುವಾರ ರಾತ್ರಿ ಇಡೀ ಪಟ್ಟಿ
ಒಂದೇ ಫೈಲಾಗಿ, ಅವಳ ಗರಿಯಷ್ಟು ಹಗುರಾಗಿ
ಪೆನ್‌ಡ್ರೈವಿಗೆ ಇಳಿಯುತ್ತದೆ;
ಅದು ದೊಸಿಂಡಾಳ ಬಿಸ್ಕತ್ತು ಡಬ್ಬಿಯಲ್ಲಿ, ಅಂಗಿ ಗುಂಡಿಗಳ ಜೊತೆ.
ಇನ್ನು ಅರವತ್ತಾರು ಮನೆಗಳ ಬಾಗಿಲು ಬಡಿಯುವುದಿದೆ.
ಏನೆಂದು ಶುರು ಮಾಡುವುದು ತಿಳಿಯದೆ
ಮೊದಲ ಮನೆಯ ಹೊಸ್ತಿಲಲ್ಲಿ ಇಬ್ಬರೂ
ಒದ್ದೆ ಚಪ್ಪಲಿ ಉಜ್ಜುತ್ತಾ ನಿಂತಿದ್ದೇವೆ.