ಬೇಡದ ತಿಂಗಳ ರೇಟು

ಶ್ರಾವಣ ಹುಟ್ಟಿ ನಾಲ್ಕನೇ ದಿನಕ್ಕೆ
ಖಲಂದರಣ್ಣನ ಹಲಗೆಯ ಮೇಲೆ
ಇನ್ನೂರ ನಲವತ್ತು ಅಳಿಸಿ ನೂರ ಐವತ್ತು.
ಅಳಿಸಿದ್ದು ಪೂರ್ತಿ ಅಳಿದಿಲ್ಲ,
ಹಳೆಯ ನಾಲ್ಕರ ಬಾಲ ಹೊಸ ಐದರ ಹಿಂದೆ
ಇಣುಕುತ್ತಲೇ ಇದೆ.

ತುಂಗಾನಗರದ ಅರ್ಧ ಬೀದಿ ಹರಕೆಗೆ,
ಉಳಿದರ್ಧ ಆ ಅರ್ಧದ ಬಾಯಿಗೆ ಹೆದರಿ
ಬಾಯಿ ಕಟ್ಟಿದೆ.
ಕೋಳಿಗೆ ಪಂಚಾಂಗ ತಿಳಿಯದು,
ಗೂಡಿನಲ್ಲಿ ಬಲಿಯುತ್ತಲೇ ಹೋಗುತ್ತದೆ.
"ತಗೊಂಡು ಹೋಗಕ್ಕಾ, ಕಾಳಿನ ದುಡ್ಡೂ ಹುಟ್ತಿಲ್ಲ."
ಐದು ಕೆ.ಜಿ. ಅಂದೆ.
ಕತ್ತಿ ಎತ್ತಿದವನು ಹಾಗೇ ನಿಂತ:
"ಮನೇಲಿ ಏನಾದ್ರೂ ಕಾರ್ಯನಾ?"
"ಇಲ್ಲ. ನಾವೂ ತಿನ್ನಲ್ಲ ಈ ತಿಂಗಳು."

ಅವನ ಮುಖ ನೋಡಬೇಕಿತ್ತು.

ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ ನನ್ನದು ಕಾಲರ್ ಲೈನು.
ನೆಲಕ್ಕುದುರಿದ ಸೈಜಿನ ಸ್ಟಿಕ್ಕರುಗಳನ್ನು ಗುಡಿಸಿ ಎಸೆಯುತ್ತಾರೆ,
ನಾನು ಮುಷ್ಟಿಯಷ್ಟು ಟಿಫಿನ್ ಡಬ್ಬಿಯಲ್ಲಿ ತರುತ್ತೇನೆ.
ತೊಳೆದು, ಬಸಿದು, ಅರಿಶಿನ ಉಪ್ಪು ಸವರಿ,
ಕವರಿನ ಗಾಳಿಯನ್ನೆಲ್ಲ ಅಂಗೈಯಲ್ಲಿ ಒತ್ತಿ ಹೊರಡಿಸಿ
(ಗಾಳಿ ಉಳಿದರೆ ಮಾಂಸಕ್ಕೆ ಬಿಳಿ ಹುರುಪೆ ಏಳುತ್ತದೆ)
ಗಂಟು ಹಾಕಿ ಅಂಟಿಸುತ್ತೇನೆ:
ಎಸ್, ನಾವು ಮೂವರೇ ಇದ್ದರೆ.
ಎಂ, ನಾದಿನಿ ಬಂದರೆ.
ಡಬಲ್ ಎಕ್ಸೆಲ್, ನಾದಿನಿಯ ಗಂಡನೂ ಬಂದರೆ.

ಅತ್ತೆ ಬಂಗಾರಮ್ಮ
ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.
"ಮೇಲೆ ಸಿಗಂದೂರಮ್ಮನ ಫೋಟೋ, ಒಳಗೆ ಐದು ಕೆ.ಜಿ. ಕೋಳಿ!
ಶ್ರಾವಣದಾಗೆ! ಬುದ್ಧಿ ಐತಾ ನಿಂಗೆ?"
"ತಿನ್ನಕಲ್ಲ ಅತ್ತೆ, ಇಡಕೆ.
ತಿನ್ನಬಾರದು ಅಂತ ಐತೆ,
ಕೊಳ್ಳಬಾರದು ಅಂತ ಎಲ್ಲೈತೆ?"
ಅವರು ಕದಲಲಿಲ್ಲ.
ಕವರುಗಳ ನೀರು ನನ್ನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.
ಆಗ ಬಂತು ಬಾಯಿಗೆ,
ಹತ್ತೊಂಬತ್ತು ವರ್ಷ ಬಾರದೇ ಇದ್ದದ್ದು:
"ನನ್ನನ್ನ ನೀವು ಯಾವ ತಿಂಗಳಲ್ಲಿ ತಂದ್ರಿ?"

ಆಷಾಢ.
ಊರಿನ ಛತ್ರಗಳೆಲ್ಲ ಆಕಳಿಸುತ್ತ ಬಿದ್ದಿರುವಾಗ
ಇದೇ ಬಂಗಾರಮ್ಮ ಮ್ಯಾನೇಜರನ ಎದುರು ಕೂತು
ಬಾಡಿಗೆಯನ್ನು ಮೂರರಲ್ಲಿ ಒಂದಕ್ಕೆ ಇಳಿಸಿದ್ದರು.
ವಾಲಗದವರು ಊಟಕ್ಕೂ ಬಸ್ ಚಾರ್ಜಿಗೂ ಒಪ್ಪಿದ್ದರು.
ಸೀರೆ ರಿಯಾಯಿತಿಯದು, ಅಂಚಿನಲ್ಲಿ ಒಂದೆಳೆ ತಪ್ಪಿದೆ,
ನನಗೆ ಮಾತ್ರ ಗೊತ್ತು.
ಪಂಚಾಂಗದವರು ತಲೆಯಾಡಿಸಿದ್ದಕ್ಕೆ
"ಸಾಲದ ಕಂತು ನೀವು ಕಟ್ತೀರಾ?" ಅಂದಿದ್ದರಂತೆ.
ಆ ದಿನ ಊರಲ್ಲಿ ಬೇರೆ ಮದುವೆಯೇ ಇರಲಿಲ್ಲ.
ಅಡುಗೆಯವನಿಗೆ ಇನ್ನೆಲ್ಲಿಗೂ ಓಡುವುದಿರಲಿಲ್ಲ,
ಅವನ ಹೋಳಿಗೆಯನ್ನು ನಮ್ಮವರು ಇವತ್ತಿಗೂ ನೆನೆಯುತ್ತಾರೆ.
ಟಾಕಪ್ಪ ಫೋಟೋದಲ್ಲಿ, ಬಾಡಿಗೆಯ ಕೋಟು ತೊಟ್ಟು,
ಏನೋ ಗೆದ್ದವನ ಹಾಗೆ ಹಲ್ಲು ಬಿಟ್ಟಿದ್ದಾನೆ.
ಮೂರರಲ್ಲೊಂದು ರೇಟಿನ ಸಂಸಾರ,
ವಾಸನೆ ಬಂದಿಲ್ಲ ಇನ್ನೂ.

ಅತ್ತೆ ನಗಲಿಲ್ಲ. ನಗು ಬಂದದ್ದು ಹೊಟ್ಟೆಯಲ್ಲಿ,
ಸೆರಗು ಅಲುಗಿದ್ದು ನನಗೆ ಕಂಡಿತು.
ಸರಿದು, ಬಗ್ಗಿ, ಐಸಿನ ತಟ್ಟೆ ಹೊರಗೆಳೆದು
ತಾವೇ ಜಾಗ ಮಾಡಿದರು.
ಅಮ್ಮನ ಫೋಟೋವನ್ನು ಮಾತ್ರ
ಹೊಲಿಗೆ ಮಿಷನ್ನಿನ ಮೇಲಕ್ಕೆ ವರ್ಗ ಮಾಡಿದರು.

ಗಣೇಶ ನೀರಿಗಿಳಿದ ಮಾರನೆಯ ದಿನ
ಖಲಂದರಣ್ಣನ ಸಾಲು ನೀರಿನ ಟ್ಯಾಂಕಿನ ತನಕ,
ಹಲಗೆಯಲ್ಲಿ ಇನ್ನೂರ ಎಪ್ಪತ್ತು.
ನಾನು ಒಂದು ಎಸ್ ತೆಗೆದು ಬೇಸಿನ್ನಿನಲ್ಲಿಟ್ಟು
ಬಟ್ಟೆ ಒಗೆಯಲು ಕೂತೆ.
ಕಲ್ಲಾಗಿದ್ದದ್ದು, ಬಿಸಿಲಿಗಲ್ಲ, ಬರೀ ಹೊತ್ತಿಗೆ,
ಮೆಲ್ಲಗೆ ಮತ್ತೆ ಮಾಂಸವಾಗುತ್ತ ಬಂತು.
ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ
ಯಾರೋ ಬರೆದಿದ್ದರು: ಐದು ನೂರಿಪ್ಪತ್ತಲ ಆರುನೂರು.
ನನ್ನ ಕೈಬರಹವಲ್ಲ.

"ಹೊಸ ಕೋಳಿಯ ರುಚಿ ಇಲ್ಲ ಬಿಡು" ಅಂದರು ಅತ್ತೆ
ಕತ್ತಿನ ತುಂಡು ಚೀಪುತ್ತ.
ಚೀಪಿ ಮುಗಿಸಿ, ಕೈ ತೊಳೆಯಲು ಏಳುವ ಮುಂಚೆ,
"ಆ ಡಬಲ್ ಎಕ್ಸೆಲ್ ಎಷ್ಟೈತೆ?
ಭಾನುವಾರ ಅವರನ್ನ ಕರೀಬಹುದು."